ಹಳ್ಳಿ ರಸ್ತೆಗೆ ವಾರಸುದಾರ ಯಾರು?

ಮಂಡ್ಯ ಕಡೆಯ ಯಾವ ಊರಿಗೆ ಬೇಕಾದರೂ ಹೋಗಿ, ಊರು ಶುರುವಾಗುವ ಕಡೆ ಒಂದು ಹಂಪ್ಸ್ ಸಿಗುತ್ತದೆ. ಅದು ಯಾವಾಗ ಬಂತು ಅಂತ ಟೀ ಅಂಗಡಿ ಮುಂದೆ ಕೂತವರನ್ನು ಕೇಳಿ ನೋಡಿ. ಇಸವಿ ಹೇಳುವುದಿಲ್ಲ, ಯಾರದೋ ಹೆಸರು ಹೇಳುತ್ತಾರೆ. ‘ಮೇಷ್ಟ್ರ ಮಗ ಹೋದ್ನಲ್ಲ, ಆಗ ಹಾಕಿದ್ದು’ ಅನ್ನುತ್ತಾರೆ. ಆವತ್ತು ಊರಿನವರು ರಸ್ತೆಗೆ ಕಲ್ಲು ಅಡ್ಡ ಇಟ್ಟು ಕೂತಿರುತ್ತಾರೆ. ಪೊಲೀಸರು ಬಂದು ಸಮಾಧಾನ ಮಾಡಿರುತ್ತಾರೆ. ಶಾಸಕರ ಕಡೆಯವರು ಫೋನ್ ಮಾಡಿರುತ್ತಾರೆ. ಎರಡು ಮೂರು ದಿನದಲ್ಲಿ ಯಾರೋ ಜಲ್ಲಿ, ಡಾಂಬರು ತಂದು ಸುರಿದು ಹೋಗಿರುತ್ತಾರೆ. ಯಾವ ಇಲಾಖೆಯವರು, ಯಾವ ಲೆಕ್ಕದಲ್ಲಿ ತಂದರು ಅಂದರೆ ಒಬ್ಬರಿಗೂ ಗೊತ್ತಿರುವುದಿಲ್ಲ.

ಹಂಪ್ಸಿಗೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಕುಲುಕಾಡದೆ ದಾಟಬೇಕು. ಮುಂಚೆಯೇ ಒಂದು ಬೋರ್ಡು, ಮೇಲೆ ಬಿಳಿ ಪಟ್ಟಿ ಇರಬೇಕು. ನಮ್ಮ ಊರುಗಳಲ್ಲಿ ಇರುವುದು ಗೇಣುದ್ದ ಎತ್ತರ, ಮೊಳದಷ್ಟು ಅಗಲದ ದಿಣ್ಣೆ. ಬಣ್ಣ ಇಲ್ಲ, ಬೋರ್ಡಿಲ್ಲ. ರಾತ್ರಿ ಹೊತ್ತು ಹೊಸಬರಿಗೆ ಅದು ಕಾಣುವುದು ಬೈಕಿನ ಮುಂದಿನ ಚಕ್ರ ಹತ್ತಿದ ಮೇಲೆಯೇ. ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಹಾಕಿ, ಮಗು ಎತ್ತಿಕೊಂಡು ಕೂತ ಹೆಂಗಸಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಇಂಥ ದಿಣ್ಣೆ ಹಾರಿ ತಲೆಗೆ ಪೆಟ್ಟಾದವರು ಎಷ್ಟು ಜನ ಅಂತ ತಾಲ್ಲೂಕು ಆಸ್ಪತ್ರೆ ನರ್ಸುಗಳನ್ನು ಕೇಳಬೇಕು. ಒಬ್ಬರ ಸಾವಿಗೆ ಅಂತ ಬಂದ ಹಂಪ್ಸ್ ಮತ್ತೊಬ್ಬರನ್ನು ಬೀಳಿಸುತ್ತದೆ.

ಹಂಪ್ಸ್ ಬೇಡ ಅನ್ನುತ್ತಿಲ್ಲ. ಶಾಲೆ ಮುಂದೆ ಬೇಕೇ ಬೇಕು. ನನ್ನ ತಕರಾರು ಬೇರೆ. ಹಂಪ್ಸ್ ಬಿದ್ದ ಕೂಡಲೇ ಊರಿನವರ ಸಿಟ್ಟು ಇಳಿದುಹೋಗುತ್ತದೆ, ಕೇಳಬೇಕಾದ ಪ್ರಶ್ನೆ ಹಾಗೇ ಉಳಿದುಹೋಗುತ್ತದೆ. ಆ ತಿರುವಿನಲ್ಲಿ ದೀಪ ಯಾಕಿರಲಿಲ್ಲ? ಮೋರಿಗೆ ತಡೆಗೋಡೆ ಯಾಕಿರಲಿಲ್ಲ? ನಲ್ಲಿ ಪೈಪಿಗೆ ಅಂತ ರಸ್ತೆಗೆ ಅಡ್ಡ ಅಗೆದ ಗುಂಡಿಯನ್ನು ಸರಿಯಾಗಿ ಯಾಕೆ ಮುಚ್ಚಲಿಲ್ಲ? ಇದನ್ನೆಲ್ಲ ನೋಡಿಕೊಳ್ಳಬೇಕಾಗಿದ್ದವರು ಯಾರು?

ಇದು ನಮ್ಮ ಜಿಲ್ಲೆಯ ಗೋಳು ಮಾತ್ರ ಅಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇದರಲ್ಲಿ ಶೇ. 68ರಷ್ಟು ಸಾವು ಗ್ರಾಮೀಣ ಭಾಗದಲ್ಲೇ. ಸತ್ತವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಅಂದರೆ ಟ್ರಾಫಿಕ್ ಸಿಗ್ನಲ್ ಇರುವ ಊರುಗಳಿಗಿಂತ, ಸಿಗ್ನಲ್ ಅಂದರೇನು ಅಂತ ಗೊತ್ತಿಲ್ಲದ ಊರುಗಳಲ್ಲೇ ಸಾವು ಜಾಸ್ತಿ.

ಆದರೆ ಸುದ್ದಿಯಾಗುವುದು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಆಮೇಲೆ ಕೆಲವು ತಿಂಗಳು ಅಪಘಾತದ ಸುದ್ದಿ ಬಂದದ್ದೇ ಬಂದದ್ದು. ಗಲಾಟೆ ಆಯಿತು. ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿಗಳೇ ಬಂದು ರಸ್ತೆ ನೋಡಿದರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಂತಿತು. ಕ್ಯಾಮೆರಾ ಬಂತು, ಮನೆಗೆ ದಂಡದ ಚೀಟಿ ಬಂತು, ಸಾವು ಇಳಿಯಿತು. ಇದು ಹೇಗೆ ಸಾಧ್ಯವಾಯಿತು? ಆ ರಸ್ತೆಗೆ ಒಬ್ಬ ಯಜಮಾನ ಇದ್ದಾನೆ. ಹೆದ್ದಾರಿ ಪ್ರಾಧಿಕಾರವನ್ನು ಬೈಯಬಹುದು, ಪತ್ರ ಬರೆಯಬಹುದು, ಲೋಕಸಭೆಯಲ್ಲಿ ಕೇಳಬಹುದು. ಸರ್ವಿಸ್ ರಸ್ತೆಗೆ ಇಳಿದು ಅಲ್ಲಿಂದ ಹಳ್ಳಿ ಕಡೆ ತಿರುಗಿದರೆ ಆ ಅನುಕೂಲ ಇಲ್ಲ.

ಐದು ಯಜಮಾನರ ಆಸ್ತಿ

ಒಬ್ಬ ರೈತ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಅದೇ ಎಕ್ಸೆಲ್ ಗಾಡಿಯಲ್ಲಿ ಮಂಡ್ಯಕ್ಕೆ ಹೊರಟ ಅಂದುಕೊಳ್ಳಿ. ಮನೆ ಮುಂದಿನ ಸಿಸಿ ರಸ್ತೆ ಗ್ರಾಮ ಪಂಚಾಯಿತಿಯದ್ದು. ಊರು ದಾಟಿದ ಮೇಲೆ ಸಿಗುವ ಡಾಂಬರು ರಸ್ತೆ ಜಿಲ್ಲಾ ಪಂಚಾಯಿತಿಯದ್ದು, ಅದನ್ನು ನೋಡಿಕೊಳ್ಳುವುದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ. ಮುಂದೆ ನಾಲೆ ಏರಿ ಹತ್ತಿದರೆ ಅದು ಕಾವೇರಿ ನೀರಾವರಿ ನಿಗಮದ್ದು. ಏರಿ ಇಳಿದು ಸೇರುವ ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಕೊನೆಗೆ ಸಿಗುವ ಸರ್ವಿಸ್ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು. ಒಂದೇ ಪಯಣ, ಐದು ಯಜಮಾನರು. ಆ ರೈತನಿಗೆ ಮಾತ್ರ ಇದೆಲ್ಲ ಒಂದೇ ರಸ್ತೆ.

ಮೈಲಿಗಲ್ಲು ನೋಡಿದರೆ ಒಂದಿಷ್ಟು ಸುಳಿವು ಸಿಗುತ್ತದೆ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣ ಇದ್ದರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಂಥ ಹಳ್ಳಿ ರಸ್ತೆ. 2000ನೇ ಇಸವಿ ಡಿಸೆಂಬರ್‌ನಲ್ಲಿ ಶುರುವಾದ ಈ ಗ್ರಾಮ ಸಡಕ್ ರಸ್ತೆಗಳದ್ದು ಒಂದು ಒಳ್ಳೆಯ ಗುಣ. ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆಯನ್ನೂ ಮಾಡಬೇಕು. ರಸ್ತೆ ಶುರುವಿನಲ್ಲಿ ಬೋರ್ಡು ಹಾಕಿ, ಉದ್ದ ಎಷ್ಟು, ಖರ್ಚು ಎಷ್ಟು, ಗುತ್ತಿಗೆದಾರ ಯಾರು, ನಿರ್ವಹಣೆ ಎಲ್ಲಿಯವರೆಗೆ ಅಂತ ಬರೆಯಬೇಕು. ಆ ಬೋರ್ಡಿನ ಮೇಲೆ ಈಗ ಬರ್ತ್‌ಡೇ ಪೋಸ್ಟರ್ ಅಂಟಿರುತ್ತದೆ ಅನ್ನುವುದು ಬೇರೆ ಮಾತು.

ಈ ಹಂಚಿಕೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಕೆಡುವುದು ಸಂದಿನಲ್ಲಿ. ನಮ್ಮ ಪಕ್ಕದ ಊರಿನಲ್ಲಿ ಒಂದು ಮೋರಿ ಇದೆ. ಗದ್ದೆ ಕಾಲುವೆ ರಸ್ತೆಯ ಕೆಳಗೆ ಹಾದುಹೋಗುವ ಜಾಗ. ಒಂದು ಕಡೆಯ ತಡೆಗೋಡೆಯನ್ನು ಕಬ್ಬಿನ ಟ್ರ್ಯಾಕ್ಟರ್ ಗುದ್ದಿ ಕೆಡವಿ ಎಷ್ಟೋ ಕಾಲವಾಯಿತು. ಪಂಚಾಯಿತಿಗೆ ಅರ್ಜಿ ಕೊಟ್ಟರೆ ‘ಅದು ನಮ್ದಲ್ಲ ಕಣ್ರಪ್ಪ, ಇಂಜಿನಿಯರಿಂಗ್ ವಿಭಾಗದ್ದು’ ಅಂದರು. ಅಲ್ಲಿ ಹೋದರೆ ರಸ್ತೆ ನಮ್ಮದು, ಮೋರಿ ನೀರಾವರಿಯವರದ್ದು ಅಂದರು. ನೀರಾವರಿಯವರು ಕಾಲುವೆ ನಮ್ಮದು, ಮೇಲಿನ ರಸ್ತೆಗೆ ನಾವು ಹೊಣೆಯಲ್ಲ ಅಂದರು. ಮೂವರೂ ಹೇಳಿದ್ದು ಸುಳ್ಳಲ್ಲ, ನೋಡಿ. ಊರಿನ ಹುಡುಗರು ಬೇಸತ್ತು ಅಲ್ಲೊಂದು ಸರ್ವೆ ಗಳ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದರು. ಈಗ ಆ ಮೋರಿಗೆ ಇರುವ ಸುರಕ್ಷತೆ ಅಷ್ಟೇ. ಬಟ್ಟೆ ಬಿಸಿಲಿಗೆ ಬೆಳ್ಳಗಾದಾಗ ಯಾರಾದರೂ ಬದಲಾಯಿಸುತ್ತಾರೆ.

ನಾಲೆ ಏರಿಯ ಲೆಕ್ಕ

ಮಂಡ್ಯದವರಿಗೆ ಈ ವಿಷಯದಲ್ಲಿ ಮರೆಯಲಾಗದ ದಿನ 2018ರ ನವೆಂಬರ್ 24. ಶನಿವಾರ ಮಧ್ಯಾಹ್ನ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಸತ್ತವರು 30 ಜನ. ಶನಿವಾರದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಷ್ ಕೂಡ ತೀರಿಕೊಂಡರು. ಮಾರನೇ ದಿನದಿಂದ ಟಿವಿಗಳ ಕ್ಯಾಮೆರಾ ಆ ಕಡೆ ತಿರುಗಿತು. ಮಂಡ್ಯದ ಮಟ್ಟಿಗೆ ಅದು ಸಹಜವೇ. ಆದರೆ ಬಸ್ ಯಾಕೆ ಬಿತ್ತು ಅನ್ನುವ ಪ್ರಶ್ನೆಗೆ ಸಿಗಬೇಕಿದ್ದ ಸಮಯ ಸಿಗಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಐದು ವರ್ಷ ತುಂಬುವ ಹೊತ್ತಿಗೆ ಅದೇ ನಾಲೆ ಮತ್ತೆ ಸುದ್ದಿಯಾಯಿತು. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಹೆಣ್ಣುಮಕ್ಕಳು ಸತ್ತರು. ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟ ಬಳಿ ಇನ್ನೊಂದು ಕಾರು ಬಿತ್ತು, ಐವರು ಹೋದರು. ಪ್ರತಿ ಸಲವೂ ಕೇಳಿದ ಮಾತು ಒಂದೇ: ತಡೆಗೋಡೆ ಇದ್ದಿದ್ದರೆ.

ನಾಲೆ ಏರಿ ರಸ್ತೆ ಹುಟ್ಟಿದ ಬಗೆ ತಿಳಿದರೆ ತಡೆಗೋಡೆ ಯಾಕಿಲ್ಲ ಅನ್ನುವುದು ಅರ್ಧ ಅರ್ಥವಾಗುತ್ತದೆ. ಕೆಆರ್‌ಎಸ್‌ನಿಂದ ಹೊರಡುವ ಈ ನಾಲೆಗೆ ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು. ನಾಲೆ ತೋಡಿದಾಗ ಎದ್ದ ಮಣ್ಣೇ ಏರಿ. ಏರಿ ಮೇಲಿನ ದಾರಿ ಇದ್ದದ್ದು ನೀರು ಬಿಡುವ ಸಿಬ್ಬಂದಿ, ಇಂಜಿನಿಯರು ಓಡಾಡಿ ನಾಲೆ ನೋಡಿಕೊಳ್ಳಲಿ ಅಂತ. ಸೈಕಲ್ಲು, ಜೀಪು ಹೋಗುವಷ್ಟು ಜಾಗ. ನಾಲೆ ಪಕ್ಕದ ಊರಿನವರಿಗೆ ಅದೇ ಹತ್ತಿರದ ದಾರಿಯಾಯಿತು. ಎತ್ತಿನ ಗಾಡಿ ಹೋಯಿತು, ಟ್ರ್ಯಾಕ್ಟರ್ ಹೋಯಿತು. ಓಟಿನ ಹೊತ್ತಿಗೆ ಡಾಂಬರು ಬಂತು. ಡಾಂಬರು ಬಂದ ಮೇಲೆ ಬಸ್ಸು ಬಂತು. ‘ಇದನ್ನು ಬಸ್ಸು ಓಡಾಡುವ ರಸ್ತೆ ಮಾಡೋಣ’ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ತೀರ್ಮಾನ ಮಾಡಿದ್ದರೆ ಅಗಲ ಎಷ್ಟಿರಬೇಕು, ತಿರುವು ಹೇಗಿರಬೇಕು, ಅಂಚಿಗೆ ಏನು ಕಟ್ಟಬೇಕು ಅಂತ ಒಂದು ಅಂದಾಜು ಪಟ್ಟಿಯಾದರೂ ಆಗಿರುತ್ತಿತ್ತು.

ಆ ರಸ್ತೆಯಲ್ಲಿ ಹೋದವರಿಗೆ ಗೊತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಗೆ ಇಳಿಜಾರು. ಎದುರಿಗೆ ಗಾಡಿ ಬಂದರೆ ಒಬ್ಬರು ಡಾಂಬರು ಬಿಟ್ಟು ಇಳಿಯಲೇಬೇಕು. ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕು ಬೆರಳು ಮೇಲೆ ಇರುತ್ತದೆ. ಚಕ್ರ ಒಮ್ಮೆ ಇಳಿದರೆ ಮತ್ತೆ ಹತ್ತಿಸಲು ಸ್ಟೇರಿಂಗ್ ಜೋರಾಗಿ ತಿರುಗಿಸಬೇಕು. ತಿರುಗಿಸಿದರೆ ಗಾಡಿ ಎದುರು ದಂಡೆ ಕಡೆ ನುಗ್ಗುತ್ತದೆ. ಸೀಮೆಜಾಲಿ ಬೆಳೆದಿರುವ ಕಡೆ ಅಂಚು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತಲೇ ಕಾಣುವುದಿಲ್ಲ. ಇಡೀ ನಾಲೆಗೆ ಕಾಂಕ್ರೀಟ್ ಗೋಡೆ ಕಟ್ಟುವುದು ದೊಡ್ಡ ದುಡ್ಡಿನ ಕೆಲಸ, ಒಪ್ಪೋಣ. ಅಂಚಿಗೆ ಮಣ್ಣು ತುಂಬಿಸಿ ಸಮ ಮಾಡುವುದು, ಜಾಲಿ ಕಡಿಸುವುದು, ತಿರುವಿನಲ್ಲಿ ರೇಡಿಯಂ ಹಚ್ಚಿದ ಕಂಬ ನೆಡುವುದು ಕೋಟಿಗಟ್ಟಲೆ ಕೆಲಸವಲ್ಲ. ಅದಕ್ಕೆ ಬೇಕಾದದ್ದು ‘ಇದು ನನ್ನ ಕೆಲಸ’ ಅನ್ನುವ ಒಬ್ಬ ಇಂಜಿನಿಯರ್.

ಸತ್ತವನೇ ಆರೋಪಿ

ಅಪಘಾತ ಆದ ಮೇಲೆ ಠಾಣೆಯಲ್ಲಿ ಬರೆಯುವ ಎಫ್‌ಐಆರ್ ಓದಿದ್ದೀರಾ? ‘ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಾಲನೆ ಮಾಡಿ’ ಅನ್ನುವ ಸಾಲು ಇಲ್ಲದ ಎಫ್‌ಐಆರ್ ನಾನಂತೂ ನೋಡಿಲ್ಲ. ಚಾಲಕನ ಮೇಲೆ ಕೇಸು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಹಿಂದಿನ ಐಪಿಸಿಯಲ್ಲಿ 304ಎ. ಸ್ಥಳ ಮಹಜರಿನಲ್ಲಿ ರಸ್ತೆ ಅಗಲ ಅಳೆಯುತ್ತಾರೆ, ಗಾಡಿ ಬಿದ್ದ ಜಾಗ ಗುರುತು ಹಾಕುತ್ತಾರೆ. ಗುಂಡಿ ಇತ್ತು, ದೀಪ ಇರಲಿಲ್ಲ ಅಂತ ಬರೆದರೂ ಅದು ಯಾರ ತಪ್ಪು ಅನ್ನುವ ಕಾಲಂ ಅಲ್ಲಿಲ್ಲ.

ಒಬ್ಬನೇ ಬೈಕಿನಲ್ಲಿ ಬರುತ್ತಾ ಗುಂಡಿಗೆ ಬಿದ್ದು ಸತ್ತರೆ ಕಥೆ ಇನ್ನೂ ವಿಚಿತ್ರ. ಎದುರು ವಾಹನ ಇಲ್ಲ, ಹಾಗಾಗಿ ಸತ್ತವನೇ ಆರೋಪಿ. ಆರೋಪಿ ಸತ್ತಿದ್ದಾನೆ, ಹಾಗಾಗಿ ಕೇಸು ಮುಗಿಯಿತು. ಮನೆಯವರಿಗೆ ಥರ್ಡ್ ಪಾರ್ಟಿ ವಿಮೆಯಿಂದ ಏನೂ ಬರುವುದಿಲ್ಲ. ಮಾಲೀಕನೇ ಓಡಿಸುತ್ತಿದ್ದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ, ನಿಜ. ಆದರೆ ಪಾಲಿಸಿ ಚಾಲ್ತಿಯಲ್ಲಿರಬೇಕು, ಲೈಸೆನ್ಸ್ ಇರಬೇಕು. ಹಳ್ಳಿಯ ಎಕ್ಸೆಲ್ ಗಾಡಿಗಳಲ್ಲಿ ಎಷ್ಟಕ್ಕೆ ವಿಮೆ ಕಟ್ಟಿದೆ ಅಂತ ನಾನು ಹೇಳಬೇಕಾಗಿಲ್ಲ.

ಇದರ ಪರಿಣಾಮ ಅಂಕಿ ಅಂಶಗಳಿಗೂ ಮುಟ್ಟುತ್ತದೆ. 2022ರ ಸಾವುಗಳಲ್ಲಿ ಶೇ. 71ರಷ್ಟಕ್ಕೆ ಅತಿವೇಗವೇ ಕಾರಣ ಅಂತ ಸಚಿವಾಲಯದ ವರದಿ ಹೇಳುತ್ತದೆ. ಆ ಲೆಕ್ಕ ಬರುವುದು ಪೊಲೀಸ್ ದಾಖಲೆಯಿಂದ. ಠಾಣೆಯಲ್ಲಿ ರೂಢಿಯಂತೆ ಬರೆದ ಸಾಲು ದಿಲ್ಲಿಗೆ ಹೋಗಿ ಅಂಕಿಯಾಗುತ್ತದೆ. ಆ ಅಂಕಿಯನ್ನು ತೋರಿಸಿ ‘ಜನರಿಗೆ ಜಾಗೃತಿ ಇಲ್ಲ’ ಅಂತ ವೇದಿಕೆ ಮೇಲೆ ಭಾಷಣ ಆಗುತ್ತದೆ. ವೇಗ ಕಾರಣವೇ ಅಲ್ಲ ಅಂತಲ್ಲ. ಸಂಜೆ ಹೊತ್ತು ನಮ್ಮ ಹುಡುಗರು ಬೈಕ್ ಓಡಿಸುವ ಪರಿ ನೋಡಿದವರಿಗೆ ಅದು ಗೊತ್ತು. ಆದರೆ ಅದೇ ವೇಗದಲ್ಲಿ ಬಿದ್ದವನು ಗದ್ದೆಗೆ ಬಿದ್ದು ಕೈ ಮುರಿದುಕೊಳ್ಳುತ್ತಾನೋ, ನಾಲೆಗೆ ಬಿದ್ದು ಸಾಯುತ್ತಾನೋ ಅನ್ನುವುದನ್ನು ತೀರ್ಮಾನಿಸುವುದು ರಸ್ತೆ.

ಬ್ಲ್ಯಾಕ್ ಸ್ಪಾಟ್ ಅನ್ನುವ ಲೆಕ್ಕವೂ ಹಳ್ಳಿಗೆ ಒಗ್ಗುವುದಿಲ್ಲ. ಅದರ ಅರ್ಥ ರಾಷ್ಟ್ರೀಯ ಹೆದ್ದಾರಿಗೆ ಅಂತಲೇ ಮಾಡಿದ್ದು. ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷದಲ್ಲಿ, ಸಾವು ಅಥವಾ ಭಾರಿ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಹಳ್ಳಿ ರಸ್ತೆಯಲ್ಲಿ ಈ ವರ್ಷ ಮೋರಿ ಹತ್ತಿರ ಒಬ್ಬ, ಮುಂದಿನ ವರ್ಷ ಆಲೆಮನೆ ತಿರುವಿನಲ್ಲಿ ಒಬ್ಬ, ಅದರ ಮುಂದಿನ ವರ್ಷ ಬಸ್ ಸ್ಟಾಪಿನಲ್ಲಿ ಒಬ್ಬ. ಐದು ಊರಿನ ರಸ್ತೆ ಸೇರಿಸಿದರೆ ಹತ್ತು ಸಾವು ದಾಟುತ್ತದೆ. ಒಂದು ಜಾಗವೂ ಪಟ್ಟಿಗೆ ಸೇರುವುದಿಲ್ಲ.

ಹಾಗಂತ ಕಾನೂನು ರಸ್ತೆಯವರನ್ನು ಪೂರ್ತಿ ಬಿಟ್ಟಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ಹೆಲ್ಮೆಟ್ ದಂಡ ಎಷ್ಟಾಯಿತು ಅಂತ ಎಲ್ಲರೂ ಮಾತಾಡಿದರು. ಅದೇ ತಿದ್ದುಪಡಿಯಲ್ಲಿ 198ಎ ಅಂತ ಒಂದು ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ನಿಯಮ ಪಾಲಿಸದೆ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಅದಕ್ಕೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಕಡಿಮೆ, ಒಪ್ಪುತ್ತೇನೆ. ಆದರೆ ರಸ್ತೆಗೂ ಒಬ್ಬ ಆರೋಪಿ ಇರಬಹುದು ಅಂತ ಕಾನೂನು ಒಪ್ಪಿಕೊಂಡಿದೆಯಲ್ಲ, ಅದು ದೊಡ್ಡದು. ನಮ್ಮ ಕಡೆ ರಸ್ತೆಗೆ ಕಲ್ಲಿಟ್ಟು ಕೂತವರು ಈ ಕಲಂ ಹೆಸರು ಹಿಡಿದು ಕೇಳಿದ್ದನ್ನು ನಾನು ಕಂಡಿಲ್ಲ. ಹಂಪ್ಸ್ ಕೇಳುತ್ತಾರೆ, ಪರಿಹಾರ ಕೇಳುತ್ತಾರೆ, ಅಷ್ಟೇ.

ದೂರದವರು ಇಲ್ಲ, ಹತ್ತಿರದವರಿಗೆ ಬಾಯಿಲ್ಲ

ಈಗ ಪಂಚಾಯಿತಿಗೆ ಬರೋಣ. ಊರು ದಾಟಿದ ಮೇಲೆ ಸಿಗುವ ಡಾಂಬರು ರಸ್ತೆ ಜಿಲ್ಲಾ ಪಂಚಾಯಿತಿಯದ್ದು ಅಂದೆನಲ್ಲ. ಆ ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಉರುಳಿದವು. ತಾಲ್ಲೂಕು ಪಂಚಾಯಿತಿ ಕಥೆಯೂ ಇದೇ. ಆಡಳಿತಾಧಿಕಾರಿಗಳು ಕೂತು ಕ್ರಿಯಾ ಯೋಜನೆ ಮಾಡಿದರು. ಮೊದಲಾದರೆ ಜಿಲ್ಲಾ ಪಂಚಾಯಿತಿ ಮೆಂಬರ್ ಮನೆ ಎಲ್ಲಿ ಅಂತ ಊರಿನವರಿಗೆ ಗೊತ್ತಿತ್ತು. ಮದುವೆಗೆ ಬಂದಾಗ ಹಿಡಿದು ‘ಏನಣ್ಣ, ನಮ್ಮ ರಸ್ತೆ ಕಥೆ’ ಅಂತ ಕೇಳಬಹುದಿತ್ತು. ಕೆಲಸ ಮಾಡುತ್ತಿದ್ದರೋ ಇಲ್ಲವೋ, ಮುಖ ಕೊಟ್ಟು ಉತ್ತರ ಹೇಳಬೇಕಿತ್ತು. ಆ ಕೊಂಡಿ ಕಳಚಿದ ಮೇಲೆ ಎಲ್ಲ ಅಹವಾಲೂ ಶಾಸಕರ ಮನೆ ಮುಂದೆ ಬಂದು ಬಿದ್ದಿತು. ಶಾಸಕರಿಗೆ ಗುದ್ದಲಿ ಪೂಜೆ ಮಾಡುವ ಹೊಸ ರಸ್ತೆ ಇಷ್ಟ. ಹಳೇ ರಸ್ತೆಯ ಅಂಚಿಗೆ ಮಣ್ಣು ತುಂಬಿಸುವುದಕ್ಕೆ ಪೂಜೆಯೂ ಇಲ್ಲ, ಫ್ಲೆಕ್ಸೂ ಇಲ್ಲ.

ಉಳಿದದ್ದು ಗ್ರಾಮ ಪಂಚಾಯಿತಿ. ಇಲ್ಲಿನ ತೊಂದರೆ ತದ್ವಿರುದ್ಧ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಆತ ಎದುರು ಮನೆಯವನು, ಇಲ್ಲ ನೆಂಟ, ಇಲ್ಲ ದಾಯಾದಿ. ಅಷ್ಟು ಹತ್ತಿರ ಇರುವವನು ಯಾರಿಗೆ ‘ಮಾಡಬೇಡ’ ಅನ್ನುತ್ತಾನೆ?

ಒಕ್ಕಣೆ ವಿಷಯವನ್ನೇ ತೆಗೆದುಕೊಳ್ಳಿ. ಡಿಸೆಂಬರ್, ಜನವರಿ ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆ ಕಡೆ, ಅತ್ತ ಹುಣಸೂರು, ಎಚ್.ಡಿ. ಕೋಟೆ ಕಡೆ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ, ಅವರೆ ಎಲ್ಲವನ್ನೂ ರಸ್ತೆಗೆ ಹರಡುತ್ತಾರೆ. ಓಡಾಡುವ ಗಾಡಿಗಳ ಚಕ್ರವೇ ಒಕ್ಕುವ ಗುಂಡುಕಲ್ಲು. ಬೈಕಿನವರಿಗೆ ಒಣ ಹುರುಳಿ ಗಿಡ ಅಂದರೆ ಎಣ್ಣೆ ಸುರಿದ ಹಾಗೆ, ಬ್ರೇಕ್ ಹಾಕಿದರೆ ಮುಗಿಯಿತು. ಕಾರಿನ ಅಡಿಗೆ ಸೊಪ್ಪು ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಅದಕ್ಕಿಂತ ಅಪಾಯ ಕಲ್ಲು. ಗಾಡಿ ಒಂದು ಕಡೆಯಿಂದ ಹೋಗಲಿ ಅಂತ ರಾಶಿ ಸುತ್ತ ದಪ್ಪ ಕಲ್ಲು ಇಡುತ್ತಾರೆ. ಸಂಜೆ ರಾಶಿ ತುಂಬಿಕೊಂಡು ಹೋಗುವಾಗ ಕಾಳು ಒಂದೂ ಬಿಡದೆ ಗುಡಿಸಿಕೊಳ್ಳುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಪೇಟೆಯಿಂದ ಬರುವವನಿಗೆ ಅದು ಕಾಣುವುದಿಲ್ಲ.

ಕಾನೂನಿನಲ್ಲಿ ಇದು ತಪ್ಪೇ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಪೊಲೀಸರು ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಕೂಗಿ ಹೋಗುತ್ತಾರೆ. ಪಂಚಾಯಿತಿ ಸದಸ್ಯ ಕೂಗುವುದಿಲ್ಲ, ಯಾಕೆಂದರೆ ಪಕ್ಕದ ರಾಶಿ ಅವನದ್ದೇ. ರೈತರನ್ನು ಬೈದು ಪ್ರಯೋಜನವೂ ಇಲ್ಲ. ಊರಿಗೊಂದು ಕಣದ ಜಾಗ ಇತ್ತು. ಅಲ್ಲಿ ಈಗ ಸಮುದಾಯ ಭವನ ಇದೆ, ನಿವೇಶನ ಇದೆ, ಇಲ್ಲ ಯಾರದೋ ಒತ್ತುವರಿ ಇದೆ. ಆಳಿಗೆ ಕೂಲಿ ಜಾಸ್ತಿ, ಎತ್ತು ಇಲ್ಲ, ಯಂತ್ರ ತರಿಸುವಷ್ಟು ಬೆಳೆ ಇಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಕಣದ ಜಾಗ ಏನಾಯಿತು ಅಂತ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಿಕೊಟ್ಟ ಪಂಚಾಯಿತಿಗಳು ಇವೆ. ನಮ್ಮದರಲ್ಲಿ ಯಾಕಿಲ್ಲ ಅಂತ ಕೇಳುವುದು ಪೂರ್ತಿ ಪಂಚಾಯಿತಿ ಮಟ್ಟದ ಪ್ರಶ್ನೆ, ಉತ್ತರವೂ ಅಲ್ಲೇ ಇದೆ.

ಕಬ್ಬಿನ ಟ್ರೈಲರ್‌ಗಳದ್ದೂ ಹೀಗೇ. ಹಿಂದೆ ಕೆಂಪು ದೀಪ ಇಲ್ಲದ, ಸೋಗೆ ಎರಡೂ ಕಡೆ ಚಾಚಿಕೊಂಡ ಟ್ರೈಲರ್ ಕತ್ತಲಲ್ಲಿ ಎದುರು ನಿಂತ ಗೋಡೆ. ಡ್ರೈವರ್‌ಗೆ ದಂಡ ಹಾಕಿ ಹಾಕಿ ಮುಗಿಯುವ ಕೆಲಸವಲ್ಲ. ಕಟಾವಿಗೆ ಅನುಮತಿ ಕೊಡುವುದು ಕಾರ್ಖಾನೆ, ಗೇಟಿನಲ್ಲಿ ತೂಕ ಹಾಕುವುದೂ ಕಾರ್ಖಾನೆ. ರೇಡಿಯಂ ಪಟ್ಟಿ ಇಲ್ಲದ ಟ್ರೈಲರ್ ಗೇಟ್ ಒಳಗೆ ಬರುವಂತಿಲ್ಲ ಅಂತ ಅವರು ಒಂದು ಮಾತು ಹೇಳಿದರೆ ವಾರದಲ್ಲಿ ಎಲ್ಲದಕ್ಕೂ ಪಟ್ಟಿ ಅಂಟಿರುತ್ತದೆ.

ಗ್ರಾಮ ಪಂಚಾಯಿತಿಗೆ ದುಡ್ಡಿಲ್ಲ ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟು ಹಾಕಿದ್ದರು. ಉಳಿದದ್ದರಲ್ಲಿ ರಸ್ತೆ, ದೀಪ, ಚರಂಡಿ ಎಲ್ಲ. ಬೀದಿ ದೀಪದ ಕರೆಂಟ್ ಬಿಲ್ ಬಾಕಿಯ ತಲೆನೋವು ಬೇರೆ. ಹಾಗಾಗಿ ಪಂಚಾಯಿತಿ ಹೊಸ ರಸ್ತೆ ಮಾಡಿಸಲಿ ಅಂತ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಬಸ್ ಸ್ಟಾಪಿನ ಹತ್ತಿರ ಒಂದು ಬಲ್ಬು, ಮೋರಿಗೆ ನಾಲ್ಕು ಕಲ್ಲುಕಂಬ, ಹಂಪ್ಸಿಗೆ ಒಂದು ಡಬ್ಬ ಬಿಳಿ ಬಣ್ಣ ಇವಕ್ಕೆಲ್ಲ ದುಡ್ಡಿಲ್ಲ ಅಂದರೆ ನಂಬುವುದು ಕಷ್ಟ.

ಬಾಯಿಮಾತು ಮತ್ತು ಹಿಂಬರಹ

ಪಂಚಾಯಿತಿಯ ಕೈಯಲ್ಲಿ ದುಡ್ಡಿಗಿಂತ ಗಟ್ಟಿಯಾದ ಒಂದು ಸಾಧನ ಇದೆ. ಅದು ಠರಾವು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮ ಸಭೆ ನಡೆಯಬೇಕು. ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ನಮ್ಮಲ್ಲಿ ಗ್ರಾಮ ಸಭೆ ಅಂದರೆ ಮನೆ ಪಟ್ಟಿ, ಪಿಂಚಣಿ ಪಟ್ಟಿ. ಅದು ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ. ರಸ್ತೆ ಮಾತು ಎತ್ತಿದರೆ ‘ಆಯ್ತು ಕಣ್ರೀ, ಬರೆದು ಕಳಿಸ್ತೀವಿ’ ಅಂತ ಪಿಡಿಒ ಹೇಳುತ್ತಾರೆ. ನಡಾವಳಿ ಪುಸ್ತಕದಲ್ಲಿ ಅದು ಬರೆದಿದೆಯೋ ಇಲ್ಲವೋ ಅಂತ ಯಾರೂ ತೆಗೆದು ನೋಡುವುದಿಲ್ಲ. ನಾನು ನೋಡುವ ಹಾಗೆ ಹಳ್ಳಿಯಲ್ಲಿ ಹೊಣೆ ಜಾರಿಹೋಗುವುದು ಇದೇ ಜಾಗದಲ್ಲಿ. ಎಲ್ಲವೂ ಬಾಯಿಮಾತು. ಅರ್ಜಿ ಬಾಯಿಮಾತು, ಭರವಸೆ ಬಾಯಿಮಾತು, ‘ನಮ್ದಲ್ಲ’ ಅನ್ನುವುದೂ ಬಾಯಿಮಾತು.

ಪಕ್ಕದೂರಿನ ಮೋರಿಗೇ ಇದನ್ನು ಅನ್ವಯಿಸಿ ನೋಡಿ. ‘ಇಂಥ ಜಾಗದಲ್ಲಿ ತಡೆಗೋಡೆ ಬಿದ್ದಿದೆ, ಶಾಲೆ ಮಕ್ಕಳು ಓಡಾಡುತ್ತಾರೆ, ಅಪಾಯ ಇದೆ’ ಅಂತ ಗ್ರಾಮ ಸಭೆಯಲ್ಲಿ ಠರಾವು ಆಗಿ, ಅದರ ಪ್ರತಿ ಇಂಜಿನಿಯರಿಂಗ್ ವಿಭಾಗಕ್ಕೂ ನೀರಾವರಿ ನಿಗಮಕ್ಕೂ ಹೋಗಿ, ಸ್ವೀಕೃತಿ ಮೊಹರು ಬಿದ್ದರೆ ಎರಡು ಬದಲಾವಣೆ ಆಗುತ್ತದೆ. ಒಂದು, ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವವರು ಅದನ್ನು ಹಿಂಬರಹದಲ್ಲಿ, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರದಲ್ಲಿ, ಸಹಿ ಹಾಕಿ ಬರೆದುಕೊಡಬೇಕು. ಬರೆದುಕೊಡುವಾಗ ಯಾವ ಇಂಜಿನಿಯರೂ ಎರಡು ಸಲ ಯೋಚಿಸುತ್ತಾನೆ. ಎರಡು, ನಾಳೆ ಅಲ್ಲಿ ಯಾರಾದರೂ ಬಿದ್ದರೆ ‘ನಮಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿಲ್ಲ. ಗೊತ್ತಿದ್ದೂ ಸುಮ್ನಿದ್ದರು ಅನ್ನುವುದಕ್ಕೆ ಕಾಗದ ಇರುತ್ತದೆ. 198ಎ ಕಲಂ ಆಗಲಿ, ಪರಿಹಾರದ ಕೇಸಾಗಲಿ ನಿಲ್ಲುವುದು ಇಂಥ ಕಾಗದದ ಮೇಲೆ. ‘ವಿಧಿ’ ಅಂತ ಮುಗಿಸಿಬಿಡುವ ಮಾತಿಗೂ ಅಲ್ಲೇ ತಡೆ ಬೀಳುತ್ತದೆ.

ಹಿಂಬರಹ ಬರದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ, ಮೂವತ್ತು ದಿನ. ‘ಈ ರಸ್ತೆ ಯಾವ ಇಲಾಖೆಯದ್ದು, ಕೊನೆಯ ಸಲ ನಿರ್ವಹಣೆಗೆ ಬಿಲ್ ಆದದ್ದು ಯಾವಾಗ, ಗುತ್ತಿಗೆದಾರನ ನಿರ್ವಹಣಾ ಅವಧಿ ಎಲ್ಲಿಯವರೆಗೆ’ ಅಂತ ಮೂರೇ ಪ್ರಶ್ನೆ ಸಾಕು. ಪುಟಗಟ್ಟಲೆ ಕೇಳಿದರೆ ಪುಟಗಟ್ಟಲೆ ನುಣುಚಿಕೊಳ್ಳುತ್ತಾರೆ. ಇದಲ್ಲದೆ ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ ಇಂಜಿನಿಯರ್ ಎಲ್ಲ ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ಐದು ಯಜಮಾನರ ಸಂದಿನಲ್ಲಿ ಬಿದ್ದ ಮೋರಿಯನ್ನು ಯಾರು ಕಟ್ಟಬೇಕು ಅಂತ ಅಲ್ಲಿ ಒಂದು ಮಾತಿನಲ್ಲಿ ತೀರ್ಮಾನ ಆಗಬಹುದು. ಆದರೆ ಆ ಸಭೆಯ ಮುಂದೆ ಹೋಗುವುದು ಹೆದ್ದಾರಿಗಳ ಬ್ಲ್ಯಾಕ್ ಸ್ಪಾಟ್ ಪಟ್ಟಿಯೇ ಜಾಸ್ತಿ. ಗ್ರಾಮ ಪಂಚಾಯಿತಿಗಳ ಠರಾವು ಅಲ್ಲಿಗೆ ಹೋಗುವ ದಾರಿ ಯಾರೂ ಮಾಡಿಲ್ಲ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ತಮ್ಮ ವ್ಯಾಪ್ತಿಯ ಅಪಾಯದ ಜಾಗಗಳನ್ನು ಒಂದು ಪಟ್ಟಿ ಮಾಡಿ ವರ್ಷಕ್ಕೆರಡು ಸಲ ಕಳಿಸಿದರೆ ಅದು ಶುರುವಾಗುತ್ತದೆ. ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಜಮಾಬಂದಿಯನ್ನೂ ಹೇಳಿಬಿಡುತ್ತೇನೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯಿತಿಗಳಲ್ಲಿ ಇದು ನಡೆಯಬೇಕು. ಹಿಂದಿನ ವರ್ಷದ ಲೆಕ್ಕ, ವೋಚರು, ಕಾಮಗಾರಿ ಕಡತಗಳನ್ನು ಜನರ ಮುಂದೆ ಇಟ್ಟು, ಸ್ಥಳಕ್ಕೆ ಹೋಗಿ ಕೆಲಸ ಆಗಿದೆಯಾ ಅಂತ ನೋಡುವ ದಿನ. ಬಹಳ ಕಡೆ ಶಾಮಿಯಾನ ಹಾಕಿ, ಕಾಫಿ ಕೊಟ್ಟು, ಫೋಟೊ ತೆಗೆದು ಮುಗಿಸುತ್ತಾರೆ. ತಾರೀಖು ಮುಂಚೆಯೇ ಕೇಳಿ ತಿಳಿದುಕೊಂಡು, ಬೀದಿ ದೀಪದ ಬಿಲ್ಲು, ಮೋರಿ ರಿಪೇರಿ, ‘ರಸ್ತೆ ಅಭಿವೃದ್ಧಿ’ ಅಂತ ಬರೆದಿರುವ ವೋಚರುಗಳನ್ನು ಆವತ್ತು ಎತ್ತಿ ನೋಡಬಹುದು. ಕೆಲಸ ಆಗಿದೆ ಅಂತ ಬರೆದಿರುವ ಜಾಗಕ್ಕೆ ‘ನಡೀರಿ ಸಾರ್, ಹೋಗಿ ನೋಡ್ಕೊಂಡು ಬರಾಣ’ ಅಂತ ಅಧಿಕಾರಿಯನ್ನು ಕರೆದರೆ ಅವರು ಬರಲೇಬೇಕು. ಬರದಿದ್ದರೆ ಯಾಕೆ ಬರಲಿಲ್ಲ ಅನ್ನುವುದನ್ನೂ ನಡಾವಳಿಯಲ್ಲಿ ಬರೆಸಬಹುದು.